ಟ್ಯೂಬಾ ವಾದಕರ ಗುರು-ಶಿಷ್ಯ ಪರಂಪರೆ ಹುಡುಕುವುದು ಹೇಗೆ: ತುಮಕೂರಿನ ಆಸಕ್ತರಿಗೊಂದು ಸಮಗ್ರ ಮಾರ್ಗದರ್ಶಿ

ಸಂಗೀತ ಕಚೇರಿಯ ಆಹ್ವಾನ ಪತ್ರಿಕೆಯಲ್ಲಿ ಹಾಡುವವರ ಹೆಸರಿನ ಕೆಳಗೆ ಗುರುಗಳ ಹೆಸರು ಇದ್ದೇ ಇರುತ್ತದೆ. ಮೈಸೂರು ವಾಸುದೇವಾಚಾರ್ಯರ ಗುರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್, ಅವರ ಗುರು ಮಾನಂಬುಚಾವಡಿ ವೆಂಕಟಸುಬ್ಬಯ್ಯರ್, ಅವರ ಗುರು ತ್ಯಾಗರಾಜರು. ಸಂಗೀತ ಇರುವ ಮನೆಗಳಲ್ಲಿ ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಆದರೆ ಗೂಳೂರು ಗಣೇಶನ ವಿಸರ್ಜನೆಗೋ ಮದುವೆ ಮೆರವಣಿಗೆಗೋ ಬಂದ ಬ್ಯಾಂಡ್‌ಸೆಟ್‌ನಲ್ಲಿ ಟ್ಯೂಬಾ ಅನ್ನುವ ದೊಡ್ಡ ಹಿತ್ತಾಳೆ ವಾದ್ಯ ಹೊತ್ತು ಊದುವವರನ್ನು "ನಿಮ್ಮ ಗುರು ಯಾರು?" ಅಂತ ಯಾರೂ ಕೇಳುವುದಿಲ್ಲ. ಅವರಿಗೂ ಒಬ್ಬ ಗುರು ಇದ್ದಾರೆ, ಆ ಗುರುವಿಗೂ ಒಬ್ಬರು ಇದ್ದರು. ಕೇಳುವವರಿಲ್ಲದೆ ಅದು ದಾಖಲಾಗಿಲ್ಲ, ಅಷ್ಟೇ.

ಪಾಶ್ಚಾತ್ಯ ಆರ್ಕೆಸ್ಟ್ರಾಗಳ ಟ್ಯೂಬಾ ವಾದಕರ ಪರಂಪರೆಯನ್ನು ಮನೆಯಲ್ಲೇ ಕೂತು ಹುಡುಕುವುದು, ಆಮೇಲೆ ಅದೇ ಕ್ರಮದಲ್ಲಿ ನಮ್ಮ ಊರಿನ ಬ್ಯಾಂಡ್‌ನವರ ಪರಂಪರೆ ಬರೆದಿಡುವುದು, ಎರಡೂ ಇಲ್ಲಿವೆ. ಮೊದಲನೆಯದಕ್ಕೆ ದಾಖಲೆ ಬೇಕಾದಷ್ಟಿದೆ, ಹಾಗಾಗಿ ಅಭ್ಯಾಸಕ್ಕೆ ಒಳ್ಳೆಯದು. ಎರಡನೆಯದಕ್ಕೆ ಕಾಗದ ಕಡಿಮೆ, ಮಾತು ಜಾಸ್ತಿ.

ಹೆಜ್ಜೆ 1: ವಾದ್ಯದ ವಯಸ್ಸು ತಿಳಿದುಕೊಳ್ಳಿ

ಟ್ಯೂಬಾ ಹಳೆಯ ವಾದ್ಯವಲ್ಲ. ಪ್ರಷ್ಯಾದ ಸೇನಾ ಬ್ಯಾಂಡ್‌ಗಳ ಮುಖ್ಯಸ್ಥ ವಿಲ್ಹೆಲ್ಮ್ ವೀಪ್ರೆಖ್ಟ್ ಮತ್ತು ವಾದ್ಯ ತಯಾರಕ ಯೋಹಾನ್ ಗಾಟ್‌ಫ್ರೀಡ್ ಮೊರಿಟ್ಸ್ ಸೇರಿ ಬರ್ಲಿನ್‌ನಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು 1835ರ ಸೆಪ್ಟೆಂಬರ್ 12ರಂದು. ಅದಕ್ಕೂ ಮೊದಲು ಆರ್ಕೆಸ್ಟ್ರಾದಲ್ಲಿ ಆ ತಗ್ಗಿನ ದನಿಗೆ ಸರ್ಪೆಂಟ್, ಓಫಿಕ್ಲೈಡ್ ಎಂಬ ವಾದ್ಯಗಳಿದ್ದವು.

ಈ ಇಸವಿ ನಿಮಗೆ ಬೇಲಿ ಇದ್ದ ಹಾಗೆ. ಯಾವ ಟ್ಯೂಬಾ ಪರಂಪರೆಯೂ ಟ್ಯೂಬಾವಾಗಿಯೇ 1835ಕ್ಕಿಂತ ಹಿಂದೆ ಹೋಗುವುದಿಲ್ಲ. ಮೊದಲ ತಲೆಮಾರಿನವರಿಗೆ ಟ್ಯೂಬಾ ಗುರು ಇರಲು ಸಾಧ್ಯವೇ ಇಲ್ಲ, ಅಲ್ವಾ? ಅವರು ಬೇರೆ ವಾದ್ಯದಿಂದ ಈ ಕಡೆ ಬಂದವರು. ಹಾಗಾಗಿ ಹಿಂದಕ್ಕೆ ಹೋಗುತ್ತಾ ಗೆರೆ ಟ್ರೊಂಬೋನ್ (ಕೊಳವೆ ಜಾರಿಸಿ ಊದುವ ಹಿತ್ತಾಳೆ ವಾದ್ಯ) ಕಡೆಗೋ ಓಫಿಕ್ಲೈಡ್ ಕಡೆಗೋ ತಿರುಗಿದರೆ ಗಾಬರಿ ಬೇಡ. ತಿರುಗಲೇಬೇಕು.

ಮೆರವಣಿಗೆಯಲ್ಲಿ ಹೆಗಲ ಸುತ್ತ ಬಳಸಿಕೊಂಡು ಬಾಯಿ ಮುಂದಕ್ಕೆ ತೆರೆದಿರುವ ವಾದ್ಯ ಸೂಸಾಫೋನ್. ಅಮೆರಿಕದ ಬ್ಯಾಂಡ್ ಮಾಸ್ಟರ್ ಜಾನ್ ಫಿಲಿಪ್ ಸೂಸಾ ಹೆಸರಿನ ಇದು 1890ರ ದಶಕದಲ್ಲಿ ಬಂತು. ನಡೆಯುತ್ತಾ ಊದಲು ಅನುಕೂಲ. ಪರಂಪರೆಯ ಲೆಕ್ಕಕ್ಕೆ ಟ್ಯೂಬಾ, ಸೂಸಾಫೋನ್ ಎರಡನ್ನೂ ಒಂದೇ ಮನೆಯವು ಅಂತ ಇಟ್ಟುಕೊಳ್ಳಿ. ಕಲಿಸುವವರೂ ಕಲಿಯುವವರೂ ಎರಡನ್ನೂ ಹಿಡಿದಿರುತ್ತಾರೆ.

ಹೆಜ್ಜೆ 2: ಯಾವ ನಂಟನ್ನು ಗುರು-ಶಿಷ್ಯ ನಂಟು ಅನ್ನುತ್ತೀರಿ?

ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದೇ. ಹೆಚ್ಚಿನವರು ಎಡವುವುದೂ ಇಲ್ಲೇ. ನಾಲ್ಕು ವರ್ಷ ವಾರವಾರ ಪಾಠ ಹೇಳಿಸಿಕೊಂಡವನೂ ಶಿಷ್ಯ, ಒಂದು ಮಧ್ಯಾಹ್ನ ಸಭಾಂಗಣದಲ್ಲಿ ನೂರು ಜನರ ನಡುವೆ ಕೂತು ಎರಡು ಮಾತು ಕೇಳಿಸಿಕೊಂಡವನೂ ಶಿಷ್ಯ ಅಂತ ಬರೆದರೆ ಆ ನಕ್ಷೆಗೆ ಅರ್ಥವಿಲ್ಲ. ಎಲ್ಲ ಗೆರೆಗಳೂ ನಾಲ್ಕೈದು ದೊಡ್ಡ ಹೆಸರುಗಳಿಗೇ ಹೋಗಿ ಸೇರುತ್ತವೆ.

ನಾನು ಐದು ಗುರುತು ಬಳಸುತ್ತೇನೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಒಬ್ಬರ ಹತ್ತಿರವೇ ಕ್ರಮವಾಗಿ ಕಲಿತಿದ್ದರೆ 'ಕ'. ಕೆಲವು ತಿಂಗಳು, ಅಥವಾ ಬಿಡಿಬಿಡಿಯಾಗಿ ಖಾಸಗಿ ಪಾಠ ಆಗಿದ್ದರೆ 'ಖ'. ಕಾರ್ಯಾಗಾರ, ಮಾಸ್ಟರ್‌ಕ್ಲಾಸ್ ಮಾತ್ರ ಆಗಿದ್ದರೆ 'ಗ'. ಪಕ್ಕದ ಕುರ್ಚಿಯಲ್ಲಿ ಕೂತು ನೋಡಿ ಕಲಿತದ್ದು 'ಘ'. ಧ್ವನಿಮುದ್ರಣ ಕೇಳಿಯೋ ಪುಸ್ತಕ ಓದಿಯೋ ಕಲಿತದ್ದು 'ಚ'. ನಕ್ಷೆಯಲ್ಲಿ 'ಕ' ದಪ್ಪ ಗೆರೆ, 'ಖ' ತೆಳು ಗೆರೆ, 'ಗ' ಚುಕ್ಕೆ ಗೆರೆ. 'ಘ' ಮತ್ತು 'ಚ' ನಕ್ಷೆಗೆ ಬರುವುದಿಲ್ಲ, ಟಿಪ್ಪಣಿಗೆ ಹೋಗುತ್ತವೆ. ಬ್ಯಾಂಡ್‌ಸೆಟ್ ವಿಷಯದಲ್ಲಿ ಮಾತ್ರ 'ಘ'ಗೂ ದಪ್ಪ ಗೆರೆಯೇ ಹಾಕಬೇಕು ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಪಾಠ ನಡೆಯುವುದೇ ಹಾಗೆ.

ಹೆಜ್ಜೆ 3: ಮೊದಲು ಪಟ್ಟಿ, ಆಮೇಲೆ ಚಿತ್ರ

ಶುರುವಿನಲ್ಲೇ ಮರದ ಚಿತ್ರ ಬರೆಯಲು ಹೋಗಬೇಡಿ. ಗೂಗಲ್ ಶೀಟ್ ತೆರೆಯಿರಿ, ಇಲ್ಲವೇ ಉದ್ದದ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿಕೊಳ್ಳಿ. ಒಂದು ಸಾಲಿಗೆ ಒಂದೇ ನಂಟು. ಕಾಲಂಗಳು ಇಷ್ಟು: ಗುರು, ಶಿಷ್ಯ, ಎಲ್ಲಿ, ಯಾವ ಇಸವಿಯಿಂದ ಯಾವ ಇಸವಿವರೆಗೆ, ನಂಟಿನ ಗುರುತು, ಯಾರು ಹೇಳಿದ್ದು, ಎಷ್ಟು ನಂಬಬಹುದು.

'ಯಾರು ಹೇಳಿದ್ದು' ಅನ್ನುವ ಕಾಲಂ ಬಿಡಲೇಬೇಡಿ. ಶಿಷ್ಯ ತಾನೇ ಹೇಳಿದ್ದಕ್ಕೂ, ಗುರು ಹೇಳಿದ್ದಕ್ಕೂ, ಮೂರನೆಯವರು ಬರೆದದ್ದಕ್ಕೂ ಬೆಲೆ ಬೇರೆ ಬೇರೆ. ಗುರು-ಶಿಷ್ಯ ಇಬ್ಬರೂ ಒಬ್ಬರನ್ನೊಬ್ಬರು ಹೆಸರಿಸಿದ್ದರೆ ಅದು ಗಟ್ಟಿ ನಂಟು. ಶಿಷ್ಯ ಮಾತ್ರ ಹೇಳಿಕೊಂಡು, ಗುರುವಿನ ಕಡೆ ಎಲ್ಲೂ ಸುಳಿವೇ ಇಲ್ಲದಿದ್ದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ.

ಹೆಜ್ಜೆ 4: ಒಂದು ಕುರ್ಚಿ ಹಿಡಿದು ಕೈ ಪಳಗಿಸಿ

ಆರ್ಕೆಸ್ಟ್ರಾದಲ್ಲಿ ಪಿಟೀಲು ನುಡಿಸುವವರು ಹತ್ತಾರು ಮಂದಿ, ಟ್ಯೂಬಾಕ್ಕೆ ಸಾಮಾನ್ಯವಾಗಿ ಒಬ್ಬರೇ. ಹುಡುಕುವವರಿಗೆ ಇದು ವರ. ಒಂದು ಆರ್ಕೆಸ್ಟ್ರಾದ ಟ್ಯೂಬಾ ಕುರ್ಚಿಯಲ್ಲಿ ಯಾರು ಯಾರು ಕೂತಿದ್ದರು ಅಂತ ಬರೆದರೆ ಪಟ್ಟಿ ಚಿಕ್ಕದಾಗಿ ಮುಗಿಯುತ್ತದೆ. ಅಲ್ಲಿಂದ ಒಬ್ಬೊಬ್ಬರ ಗುರುವನ್ನು ಹುಡುಕಿ.

ಫಿಲಡೆಲ್ಫಿಯಾ ಆರ್ಕೆಸ್ಟ್ರಾ ತೆಗೆದುಕೊಳ್ಳೋಣ. ಅಲ್ಲಿ ಫಿಲಿಪ್ ಡೊನಾಟೆಲಿ ಇದ್ದರು. ಅದೇ ಊರಿನ ಕರ್ಟಿಸ್ ಸಂಗೀತ ಸಂಸ್ಥೆಯಲ್ಲಿ ಪಾಠವನ್ನೂ ಹೇಳುತ್ತಿದ್ದರು. 1949ರಲ್ಲಿ ಅವರ ಕುರ್ಚಿಗೆ ಬಂದ ಏಬ್ ಟೋರ್ಚಿನ್ಸ್ಕಿ ಅವರದೇ ಶಿಷ್ಯ. ಇಲ್ಲಿ ಕುರ್ಚಿಯೂ ಪಾಠವೂ ಒಂದೇ ದಾರಿಯಲ್ಲಿ ಹರಿದಿವೆ. 1972ರಲ್ಲಿ ಟೋರ್ಚಿನ್ಸ್ಕಿ ಆರ್ಕೆಸ್ಟ್ರಾ ಬಿಟ್ಟು ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಹೋದರು. ಅವರ ಜಾಗಕ್ಕೆ ಬಂದವರು ಪಾಲ್ ಕ್ರಿವಿಟ್ಸ್ಕಿ. ಇವರು ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಬೆಲ್ ಹತ್ತಿರ ಕಲಿತವರು. ಕುರ್ಚಿ ಅದೇ, ಪರಂಪರೆ ಬೇರೆ. ಕ್ರಿವಿಟ್ಸ್ಕಿ ನಿವೃತ್ತರಾದ ಮೇಲೆ 2006ರಲ್ಲಿ ಕ್ಯಾರಲ್ ಜಾಂಚ್ ಆಯ್ಕೆಯಾದರು. ಆಗಿನ್ನೂ ಅವರು ಮಿಷಿಗನ್‌ನಲ್ಲಿ ಓದುತ್ತಿದ್ದ ವಿದ್ಯಾರ್ಥಿನಿ. ಅವರ ಗುರು ಫ್ರಿಟ್ಸ್ ಕೇನ್ಜಿಗ್. ಮಿಷಿಗನ್‌ನಲ್ಲಿ ಟೋರ್ಚಿನ್ಸ್ಕಿ ಬಿಟ್ಟ ಜಾಗಕ್ಕೆ 1989ರಲ್ಲಿ ಬಂದವರೇ ಈ ಕೇನ್ಜಿಗ್.

ಈಗ ನೋಡಿ ಗಮ್ಮತ್ತು. ಫಿಲಡೆಲ್ಫಿಯಾದಿಂದ ಟೋರ್ಚಿನ್ಸ್ಕಿ ಮಿಷಿಗನ್‌ಗೆ ಹೋದರು, ಮಿಷಿಗನ್‌ನಿಂದ ಜಾಂಚ್ ಫಿಲಡೆಲ್ಫಿಯಾಕ್ಕೆ ಬಂದರು. ಆತುರದವರು ಇಲ್ಲಿ ಟೋರ್ಚಿನ್ಸ್ಕಿ, ಕೇನ್ಜಿಗ್, ಜಾಂಚ್ ಅಂತ ಒಂದೇ ನೇರ ಗೆರೆ ಎಳೆದುಬಿಡುತ್ತಾರೆ. ಹಾಗೆ ಎಳೆಯಬಾರದು. ಕೇನ್ಜಿಗ್ ಬಂದದ್ದು ಟೋರ್ಚಿನ್ಸ್ಕಿಯವರ ಹುದ್ದೆಗೆ. ಅಷ್ಟರಿಂದಲೇ ಅವರ ಹತ್ತಿರ ಕಲಿತರು ಅಂತ ಆಗುವುದಿಲ್ಲ. ಹುದ್ದೆ ಕೈ ಬದಲಾದದ್ದಕ್ಕೆ ಬೇರೆ ಬಣ್ಣದ ಗೆರೆ ಇಟ್ಟುಕೊಳ್ಳಿ. ನಾನು ನೀಲಿ ಬಳಸುತ್ತೇನೆ, ಪಾಠಕ್ಕೆ ಕಪ್ಪು.

ಇಂಡಿಯಾನಾದ ಕಥೆಯನ್ನೂ ಇದೇ ಬಣ್ಣಗಳಲ್ಲಿ ಬರೆದು ನೋಡಿ. ವಿಲಿಯಂ ಬೆಲ್ ಹುಟ್ಟಿದ್ದು 1902ರ ಕ್ರಿಸ್‌ಮಸ್ ದಿನ. ಹುಡುಗನಾಗಿದ್ದಾಗಲೇ ಸೂಸಾ ಬ್ಯಾಂಡ್‌ ಸೇರಿದರು. ಆಮೇಲೆ ಸಿನ್ಸಿನಾಟಿ ಸಿಂಫನಿ, ಟೊಸ್ಕಾನಿನಿಯವರ ಎನ್‌ಬಿಸಿ ಸಿಂಫನಿ, 1943ರಿಂದ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್. 1961ರಲ್ಲಿ ಇಂಡಿಯಾನಾಕ್ಕೆ ಬಂದರು, 1971ರಲ್ಲಿ ತೀರಿಕೊಂಡರು. ಅದೇ ವರ್ಷ ಆ ಹುದ್ದೆಗೆ ಬಂದವರು ಹಾರ್ವೆ ಫಿಲಿಪ್ಸ್, ನ್ಯೂಯಾರ್ಕಿನಲ್ಲಿ ಬೆಲ್ ಹತ್ತಿರವೇ ಕಲಿತವರು. ಇಲ್ಲಿ ನೀಲಿ, ಕಪ್ಪು ಎರಡೂ ಗೆರೆ ಬೀಳುತ್ತವೆ. 1994ರಲ್ಲಿ ಫಿಲಿಪ್ಸ್ ನಿವೃತ್ತರಾಗಿ ಡೇನಿಯಲ್ ಪೆರಾಂಟೋನಿ ಬಂದರು. ಅಲ್ಲಿಗೆ ನೀಲಿ ಗೆರೆ ಮಾತ್ರ ಹಾಕಿ.

ಶಿಷ್ಯ ಗುರುವನ್ನು ನೆನೆಯುವ ರೀತಿಯೂ ದಾಖಲೆಯೇ. ಫಿಲಿಪ್ಸ್ ತಮ್ಮ ಗುರು ಹುಟ್ಟಿದ್ದು ಕ್ರಿಸ್‌ಮಸ್ ದಿನ ಅನ್ನುವುದನ್ನೇ ಹಿಡಿದು 1974ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರ್‌ನಲ್ಲಿ ನೂರಾರು ಟ್ಯೂಬಾ, ಯುಫೋನಿಯಂ (ಟ್ಯೂಬಾದ ಚಿಕ್ಕ ತಮ್ಮನಂಥ ವಾದ್ಯ) ವಾದಕರನ್ನು ಸೇರಿಸಿ ಕ್ರಿಸ್‌ಮಸ್ ಹಾಡುಗಳನ್ನು ನುಡಿಸಿಸಿದರು. ಅದೇ ಟ್ಯೂಬಾಕ್ರಿಸ್ಮಸ್. ಈಗಲೂ ಹಲವು ಊರುಗಳಲ್ಲಿ ವರ್ಷವರ್ಷ ನಡೆಯುತ್ತದೆ. ನಮ್ಮಲ್ಲಿ ತ್ಯಾಗರಾಜರ ಆರಾಧನೆ ಮಾಡಿದ ಹಾಗೆಯೇ, ಮಂತ್ರ, ಪೂಜೆ ಇಲ್ಲ ಅಷ್ಟೇ.

ಹೆಜ್ಜೆ 5: ಟ್ಯೂಬಾ ಬಿಟ್ಟು ಅಕ್ಕಪಕ್ಕಕ್ಕೂ ನೋಡಿ

ಆರ್ನಾಲ್ಡ್ ಜೇಕಬ್ಸ್ ಹೆಸರು ಈ ಕೆಲಸದಲ್ಲಿ ಎಲ್ಲಿ ಹೋದರೂ ಎದುರಾಗುತ್ತದೆ. 1915ರಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಕರ್ಟಿಸ್ ಸೇರಿ ಡೊನಾಟೆಲಿ ಹತ್ತಿರ ಕಲಿತರು. ಇಂಡಿಯಾನಾಪೊಲಿಸ್, ಪಿಟ್ಸ್‌ಬರ್ಗ್ ಆರ್ಕೆಸ್ಟ್ರಾಗಳನ್ನು ದಾಟಿ 1944ರಿಂದ 1988ರವರೆಗೆ ಶಿಕಾಗೋ ಸಿಂಫನಿಯಲ್ಲಿದ್ದರು. ಅಂದರೆ ಹಿಂದಿನ ಹೆಜ್ಜೆಯ ಟೋರ್ಚಿನ್ಸ್ಕಿಗೂ ಇವರಿಗೂ ಗುರು ಒಬ್ಬರೇ. ಪಟ್ಟಿ ಸರಿಯಾಗಿ ಬರೆಯುತ್ತಾ ಬಂದರೆ ಇಂಥದ್ದು ತಾನಾಗಿ ಕಾಣಿಸುತ್ತದೆ.

ಜೇಕಬ್ಸ್ ಹತ್ತಿರ ಬರೀ ಟ್ಯೂಬಾದವರು ಕಲಿಯಲಿಲ್ಲ. ಟ್ರಂಪೆಟ್, ಹಾರ್ನ್, ಟ್ರೊಂಬೋನ್, ಮರದ ಊದುವಾದ್ಯದವರೂ ಶಿಕಾಗೋದಲ್ಲಿ ಅವರ ಕೋಣೆಗೆ ಬರುತ್ತಿದ್ದರು. ಉಸಿರಾಟದ ಬಗ್ಗೆ ಅವರಿಗೆ ವಿಪರೀತ ಆಸಕ್ತಿ. ವೈದ್ಯರು ಶ್ವಾಸಕೋಶ ಪರೀಕ್ಷೆಗೆ ಇಟ್ಟುಕೊಳ್ಳುವಂಥ ಉಪಕರಣಗಳನ್ನು ಪಾಠದಲ್ಲಿ ಬಳಸುತ್ತಿದ್ದರು. ಆದರೆ ನುಡಿಸುವಾಗ ದೇಹದ ಯೋಚನೆ ಬಿಡಿ, ತಲೆಯಲ್ಲಿ ಹಾಡು ಇಟ್ಟುಕೊಂಡು ಗಾಳಿ ಬಿಡಿ ಅನ್ನುವುದು ಅವರ ಪಾಠದ ತಿರುಳು. ಅಂಥವರ ಶಿಷ್ಯರನ್ನು ಟ್ಯೂಬಾ ನಕ್ಷೆಯಲ್ಲಿ ಮಾತ್ರ ಇಟ್ಟರೆ ಅರ್ಧ ಕಥೆ ಹೊರಗೆ ಉಳಿಯುತ್ತದೆ.

ಇದರ ಇನ್ನೊಂದು ಮಗ್ಗುಲು ಜೀನ್ ಪೊಕಾರ್ನಿ. ಜೇಕಬ್ಸ್ ನಿವೃತ್ತರಾದ ಮೇಲೆ 1989ರಲ್ಲಿ ಶಿಕಾಗೋ ಕುರ್ಚಿಗೆ ಬಂದವರು. ಅವರ ಪರಿಚಯದಲ್ಲಿ ಗುರುಗಳೆಂದು ಬರುವ ಹೆಸರುಗಳು ಜೆಫ್ರಿ ರೆನಾಲ್ಡ್ಸ್, ಲ್ಯಾರಿ ಜೊಹಾನ್ಸನ್, ಟಾಮಿ ಜಾನ್ಸನ್, ರೋಜರ್ ಬೋಬೋ. ಎಲ್ಲರೂ ಲಾಸ್ ಏಂಜಲೀಸ್ ಕಡೆಯವರು. ಇವರಲ್ಲಿ ರೆನಾಲ್ಡ್ಸ್ ಅಲ್ಲಿನ ಫಿಲ್‌ಹಾರ್ಮೋನಿಕ್‌ನ ಬೇಸ್ ಟ್ರೊಂಬೋನ್ ವಾದಕ. ಟಾಮಿ ಜಾನ್ಸನ್ ಹಾಲಿವುಡ್ ಸ್ಟುಡಿಯೋಗಳಲ್ಲಿ ನುಡಿಸಿದವರು, 1975ರ ಶಾರ್ಕ್ ಸಿನಿಮಾ 'ಜಾಸ್'ನಲ್ಲಿ ಕೇಳುವ ಟ್ಯೂಬಾ ಅವರದೇ. ಅಂದರೆ ಒಬ್ಬ ಆರ್ಕೆಸ್ಟ್ರಾ ವಾದಕನ ಹಿಂದೆ ಟ್ರೊಂಬೋನೂ ಇದೆ, ಸಿನಿಮಾ ಸ್ಟುಡಿಯೋನೂ ಇದೆ. ದೊಡ್ಡ ಹೆಸರುಗಳ ನಡುವೆ ರೆನಾಲ್ಡ್ಸ್, ಜೊಹಾನ್ಸನ್ ಥರದವರು ಮರೆಯಾಗಿಬಿಡುತ್ತಾರೆ. ಅವರನ್ನು ಮೊದಲು ಬರೆದುಕೊಳ್ಳಿ. ತುಟಿ ಹೇಗೆ ಇಡಬೇಕು, ಉಸಿರು ಹೇಗೆ ಎಳೆಯಬೇಕು ಅನ್ನುವುದನ್ನು ಕಲಿಸಿದವರು ಸಾಮಾನ್ಯವಾಗಿ ಆ ಮೊದಲ ಗುರುಗಳೇ.

ಹೆಜ್ಜೆ 6: ಎಲ್ಲಿ ಹುಡುಕಬೇಕು, ಯಾವ ಹೆಸರಲ್ಲಿ

ವಿಶ್ವವಿದ್ಯಾಲಯದ ಅಧ್ಯಾಪಕರ ಪರಿಚಯ, ಆರ್ಕೆಸ್ಟ್ರಾದ ಸದಸ್ಯರ ಪರಿಚಯ, ನಿಧನ ವಾರ್ತೆ, ರೆಕಾರ್ಡ್ ಹೊದಿಕೆಯ ಬರಹ, ಇವು ಎಲ್ಲರಿಗೂ ಹೊಳೆಯುವ ಜಾಗಗಳು. ಇವುಗಳಿಗಿಂತ ಒಳ್ಳೆಯವು ಎರಡಿವೆ. ಒಂದು, ಸಂಗೀತದಲ್ಲಿ ಡಾಕ್ಟರೇಟ್ ಮಾಡಿದವರ ಪ್ರಬಂಧದ ಕೃತಜ್ಞತೆಯ ಪುಟ. ಅಲ್ಲಿ ಹೈಸ್ಕೂಲಿನ ಬ್ಯಾಂಡ್ ಮೇಷ್ಟ್ರ ಹೆಸರೂ ಇರುತ್ತದೆ. ಎರಡು, ವಿದ್ಯಾರ್ಥಿಗಳ ಕಾರ್ಯಕ್ರಮದ ಪಟ್ಟಿ. ಹಾರ್ವೆ ಫಿಲಿಪ್ಸ್ ಶುರುಮಾಡಿದ ಆಕ್ಟೂಬಾಫೆಸ್ಟ್ ಅನ್ನುವ ಹಬ್ಬ ಅಕ್ಟೋಬರ್‌ನಲ್ಲಿ ಹಲವು ಕಾಲೇಜುಗಳಲ್ಲಿ ನಡೆಯುತ್ತದೆ. ಅದರ ಮುದ್ರಿತ ಪಟ್ಟಿ ಸಿಕ್ಕರೆ ಯಾವ ವರ್ಷ, ಎಲ್ಲಿ, ಯಾರ ವಿದ್ಯಾರ್ಥಿಗಳು ನುಡಿಸಿದರು ಅನ್ನುವುದು ಒಂದೇ ಹಾಳೆಯಲ್ಲಿ ಸಿಗುತ್ತದೆ. ಟ್ಯೂಬಾ, ಯುಫೋನಿಯಂ ವಾದಕರಿಗೆ 1973ರಿಂದ ಅಂತಾರಾಷ್ಟ್ರೀಯ ಸಂಘವೂ ಇದೆ, ಅದರ ಪತ್ರಿಕೆಯೂ ಇದೆ.

ಬರೀ ಟ್ಯೂಬಾ ಅಂತ ಹುಡುಕಿದರೆ ಇಂಗ್ಲೆಂಡ್ ಕೈಗೆ ಸಿಗುವುದಿಲ್ಲ. ಅಲ್ಲಿನ ಬ್ರಾಸ್ ಬ್ಯಾಂಡ್‌ಗಳಲ್ಲಿ ಇದನ್ನು ಬೇಸ್ ಅನ್ನುತ್ತಾರೆ. ಹಳೆಯ ಸೇನಾ ಬ್ಯಾಂಡ್ ಕಾಗದಗಳಲ್ಲಿ ಬೊಂಬಾರ್ಡನ್ ಅಂತ ಇರುತ್ತದೆ, ಕೆಲವು ಕಡೆ ಹೆಲಿಕನ್. ನಾಲ್ಕೂ ಹೆಸರಲ್ಲಿ ಹುಡುಕಿ. ಇಂಗ್ಲೆಂಡಿನ ಪರಂಪರೆ ಕಾಲೇಜಿಗಿಂತ ಹೆಚ್ಚಾಗಿ ಬ್ಯಾಂಡ್‌ಗಳಲ್ಲಿ ಹರಿದಿದೆ. ವಾನ್ ವಿಲಿಯಮ್ಸ್ ಬರೆದ ಟ್ಯೂಬಾ ಕನ್ಚರ್ಟೊವನ್ನು (ಆರ್ಕೆಸ್ಟ್ರಾ ಜೊತೆ ಒಬ್ಬರೇ ಮುಖ್ಯವಾಗಿ ನುಡಿಸುವ ಕೃತಿ) 1954ರ ಜೂನ್ 13ರಂದು ಲಂಡನ್ ಸಿಂಫನಿ ಜೊತೆ ಮೊದಲ ಸಲ ನುಡಿಸಿದ ಫಿಲಿಪ್ ಕ್ಯಾಟಲಿನೆಟ್ ಸಾಲ್ವೇಶನ್ ಆರ್ಮಿ ಅನ್ನುವ ಕ್ರೈಸ್ತ ಸಂಸ್ಥೆಯ ಬ್ಯಾಂಡ್ ಹಿನ್ನೆಲೆಯವರು. ಅಂಥವರ ಗುರುಗಳು ಚರ್ಚಿನ ಪತ್ರಿಕೆಗಳಲ್ಲಿ ಸಿಗುತ್ತಾರೆ, ವಿಶ್ವವಿದ್ಯಾಲಯದಲ್ಲಲ್ಲ.

ವಾದ್ಯದ ಶ್ರುತಿಯೂ ಸುಳಿವು ಕೊಡುತ್ತದೆ. ಅಮೆರಿಕದ ಆರ್ಕೆಸ್ಟ್ರಾದವರು ಹೆಚ್ಚಾಗಿ ಸಿ ಟ್ಯೂಬಾ ಹಿಡಿಯುತ್ತಾರೆ, ಬ್ರಿಟನ್ನಿನವರು ಇ ಫ್ಲ್ಯಾಟ್, ಜರ್ಮನಿಯವರು ಎಫ್ ಮತ್ತು ಬಿ ಫ್ಲ್ಯಾಟ್. ಯಾರಾದರೂ ತಮ್ಮ ಸುತ್ತಲಿನವರೆಲ್ಲ ಹಿಡಿಯುವುದನ್ನು ಬಿಟ್ಟು ಬೇರೆ ಶ್ರುತಿಯ ವಾದ್ಯ ಹಿಡಿದಿದ್ದರೆ, ಅವರ ಗುರು ಎಲ್ಲಿಯವರು ಅಂತ ಕೇಳಿ.

ಹೆಜ್ಜೆ 7: ಈಗ ಊರಿಗೆ ಬನ್ನಿ

ತುಮಕೂರಿನಲ್ಲಿ ಈ ಕೆಲಸಕ್ಕೆ ಮೊದಲು ಕ್ಯಾಲೆಂಡರ್ ನೋಡಬೇಕು. ಮದುವೆ ಸೀಜನ್ನಿನಲ್ಲಿ, ಗಣೇಶನ ಹಬ್ಬದ ಆಸುಪಾಸಿನಲ್ಲಿ ಬ್ಯಾಂಡ್‌ನವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಆಷಾಢ, ಧನುರ್ಮಾಸದಲ್ಲಿ ಹೋಗಿ. ವಾದ್ಯಗಳು ಗೋಡೆಯ ಮೇಲೆ ತೂಗಾಡುತ್ತಿರುತ್ತವೆ, ಮಾತಾಡಲು ಸಮಯ ಇರುತ್ತದೆ. ಹೋಗುವ ಮುಂಚೆ ಫೋನ್ ಮಾಡಿ. ಮೊದಲ ದಿನವೇ ಮೊಬೈಲ್ ಎತ್ತಿ ರೆಕಾರ್ಡ್ ಮಾಡಬೇಡಿ. ಟೀ ಕುಡಿಯಿರಿ, ವಾದ್ಯ ನೋಡಿ, ಬನ್ನಿ.

"ನಿಮ್ಮ ಗುರು ಯಾರು?" ಅಂತ ನೇರವಾಗಿ ಕೇಳಿದರೆ ಬಹಳ ಸಲ ಸಿಗುವ ಉತ್ತರ "ಯಾರೂ ಇಲ್ಲಪ್ಪ, ಸುಮ್ನೆ ನೋಡ್ಕೊಂಡ್ ಕಲ್ತೆ." ಅದು ವಿನಯವೂ ಹೌದು, ಪೂರ್ತಿ ನಿಜವೂ ಅಲ್ಲ. ಪ್ರಶ್ನೆ ಬದಲಿಸಿ. "ಯಜಮಾನ್ರೇ, ಈ ವಾದ್ಯ ಮೊದ್ಲು ನಿಮ್ ಕೈಗೆ ಕೊಟ್ಟೋರು ಯಾರು?" "ಮೌತ್‌ಪೀಸು ತುಟಿಗೆ ಹೆಂಗಿಡ್ಬೇಕು ಅಂತ ಯಾರು ತೋರ್ಸಿದ್ರು?" "ಮೊದಲ್ನೇ ಸಲ ಮೆರವಣಿಗೇಲಿ ಊದಿದಾಗ ಪಕ್ಕದಲ್ಲಿ ಯಾರಿದ್ರು?" "ತಪ್ಪಾದ್ರೆ ಬೈತಿದ್ದೋರು ಯಾರು?" ಕೊನೆಯ ಪ್ರಶ್ನೆಗೆ ಬಾಯಿ ಬಿಡದವರು ಕಡಿಮೆ. ಬೈದವರ ಹೆಸರು ಯಾರೂ ಮರೆಯುವುದಿಲ್ಲ. ನನ್ನ ಪ್ರಕಾರ ಪಟ್ಟಿಯಲ್ಲಿ ಗುರು ಕಾಲಂಗೆ ಹೋಗಬೇಕಾದ ಹೆಸರು ಅದೇ.

ಉತ್ತರ ಬಹುಮಟ್ಟಿಗೆ ನೆಂಟಸ್ತಿಕೆಯಲ್ಲಿ ಬರುತ್ತದೆ. ಮಾವ, ದೊಡ್ಡಪ್ಪ, ಅಣ್ಣ, ಭಾವ. 'ಮಾವ' ಅಂದರೆ ಸೋದರಮಾವನೋ ಹೆಂಡತಿಯ ತಂದೆಯೋ ಅಂತ ಅಲ್ಲೇ ಬಿಡಿಸಿ ಕೇಳಿ, ಮನೆಗೆ ಬಂದ ಮೇಲೆ ತಲೆ ಕೆರೆದುಕೊಂಡು ಪ್ರಯೋಜನವಿಲ್ಲ. 'ಮೇಷ್ಟ್ರು' ಅಂದರೆ ಯಾವ ಮೇಷ್ಟ್ರು ಅಂತಲೂ ಕೇಳಿ. ಬ್ಯಾಂಡ್‌ನಲ್ಲಿ ಎಲ್ಲರೂ ಮೇಷ್ಟ್ರೇ. ಕೆಲವರನ್ನು ಅವರ ಬ್ಯಾಂಡಿನ ಹೆಸರಿನಿಂದಲೇ ಕರೆಯುತ್ತಾರೆ, ಸ್ವಂತ ಹೆಸರು ಮನೆಯವರಿಗೆ ಮಾತ್ರ ಗೊತ್ತಿರುತ್ತದೆ.

ಮಾತಿಗಿಂತ ವಸ್ತು ಕೆಲವೊಮ್ಮೆ ಹೆಚ್ಚು ಹೇಳುತ್ತದೆ. ವಾದ್ಯವನ್ನು ಬೆಳಕಿಗೆ ಹಿಡಿದು ನೋಡಿ. ಅಗಲ ಬಾಯಿಯ ಮೇಲೋ ವಾಲ್ವ್‌ಗಳ ಬಳಿಯೋ ತಯಾರಕರ ಹೆಸರು ಕೆತ್ತಿರುತ್ತದೆ. ಉಜ್ಜಿ ಉಜ್ಜಿ ಸವೆದಿದ್ದರೆ ಟಾರ್ಚ್ ಓರೆಯಾಗಿ ಹಿಡಿಯಿರಿ, ಅಕ್ಷರ ಏಳುತ್ತದೆ. ಉತ್ತರ ಪ್ರದೇಶದ ಮೀರತ್ ಬ್ಯಾಂಡ್ ವಾದ್ಯಗಳಿಗೆ ಹೆಸರಾದ ಊರು, ಅಲ್ಲಿನ ಜಾಲಿ ಕೋಠಿ ಪೂರ್ತಿ ಈ ವ್ಯಾಪಾರದ್ದೇ. ಮೀರತ್ ವಾದ್ಯವಾದರೆ ಯಾರು ತರಿಸಿದರು, ಯಾವಾಗ ಅಂತ ಕೇಳಿ. ವಿದೇಶಿ ಹೆಸರಿದ್ದರೆ ಅದು ಯಾವುದೋ ಸೇನೆಯ ಅಥವಾ ಅರಮನೆಯ ಬ್ಯಾಂಡಿನಿಂದ ಕೈ ದಾಟಿ ಬಂದಿರಬಹುದು. ವಾದ್ಯ ಯಾರಿಂದ ಯಾರಿಗೆ ಬಂತು ಅಂತ ಕೇಳುತ್ತಾ ಹೋದರೆ ಪಾಠದ ಗೆರೆಯೂ ಜೊತೆಗೇ ಬಿಚ್ಚಿಕೊಳ್ಳುತ್ತದೆ.

ಆಮೇಲೆ ಹಳೆಯ ನೋಟ್‌ಬುಕ್ ಇದೆಯಾ ಕೇಳಿ. ಸರಿಗಮದಲ್ಲಿ ಬರೆದ ಹಾಡುಗಳ ಪುಸ್ತಕ. ಯಾವ ಲಿಪಿಯಲ್ಲಿದೆ ನೋಡಿ. ಕನ್ನಡವೋ ತೆಲುಗೋ ತಮಿಳೋ ಉರ್ದುವೋ? ಪಾವಗಡ, ಮಧುಗಿರಿ ಕಡೆಯವರಲ್ಲಿ ತೆಲುಗು ಇದ್ದರೆ ವಿಶೇಷವೇನಿಲ್ಲ. ಆದರೆ ಕನ್ನಡದ ಮನೆಯಲ್ಲಿ ತಮಿಳು ಲಿಪಿಯ ಪುಸ್ತಕ ಇದ್ದರೆ ಅದನ್ನು ಬರೆದವರು ಬೇರೆ ಊರಿನವರು. ಅಲ್ಲಿಂದ ಹೊಸ ಗೆರೆ ಶುರು. ಸರಿಗಮ ಅಲ್ಲದೆ ಐದು ಗೆರೆಯ ಪಾಶ್ಚಾತ್ಯ ನೊಟೇಶನ್ ಇದ್ದರೆ, ಕಲಿಸಿದವರು ಸೇನೆ, ಪೊಲೀಸ್ ಅಥವಾ ಚರ್ಚ್ ಕಡೆಯಿಂದ ಬಂದಿರಬಹುದು.

ಆ ಕಡೆ ಹೋದರೆ ಕಾಗದ ಸಿಗುತ್ತದೆ. ಭಾರತೀಯ ಸೇನೆಯ ಬ್ಯಾಂಡ್‌ನವರಿಗೆ ಮಧ್ಯಪ್ರದೇಶದ ಪಚಮಢಿಯಲ್ಲಿ ಸಂಗೀತ ತರಬೇತಿ ಕೇಂದ್ರವಿದೆ. ಅದು ಶುರುವಾದದ್ದು 1950ರಲ್ಲಿ, ಕೊಡಗಿನ ಕಾರ್ಯಪ್ಪನವರು ಸೇನೆಯ ಮುಖ್ಯಸ್ಥರಾಗಿದ್ದಾಗ. ಬೆಂಗಳೂರಿನ ಸೇನಾ ಪಡೆ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೂ ತನ್ನದೇ ಬ್ಯಾಂಡ್ ಇದೆ. ನಿವೃತ್ತರಾಗಿ ಊರಿಗೆ ಬಂದವರು ಮದುವೆ ಬ್ಯಾಂಡ್‌ನ ಹುಡುಗರಿಗೆ ಕಲಿಸಿದ್ದರೆ, ಅವರ ಸೇವಾ ಪುಸ್ತಕದಲ್ಲಿ ತರಬೇತಿಯ ಇಸವಿ ಇರುತ್ತದೆ. ಮೈಸೂರು ಅರಮನೆಯ ದಾರಿಯೂ ಇದೆ. ಅರಮನೆಯಲ್ಲಿ ಕರ್ನಾಟಕ ಸಂಗೀತಕ್ಕೊಂದು, ಪಾಶ್ಚಾತ್ಯ ಸಂಗೀತಕ್ಕೊಂದು ವಾದ್ಯವೃಂದ ಇದ್ದವು. ಜರ್ಮನಿಯ ಓಟ್ಟೊ ಶ್ಮಿಟ್ ಅಲ್ಲಿ ಪಾಶ್ಚಾತ್ಯ ವಾದ್ಯವೃಂದ ನಡೆಸಿದವರು. ಇಂದಿನ ಪೊಲೀಸ್ ಬ್ಯಾಂಡ್ ಅದೇ ಬೇರಿನದು, ದಸರಾದಲ್ಲಿ ನೋಡಿರುತ್ತೀರಿ. ಸಂಸ್ಥಾನದ ಕಾಲದ ಕಡತ ಬೇಕಾದರೆ ಬೆಂಗ್ಳೂರಿನಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಆದರೆ ಎಚ್ಚರ: ವಾದ್ಯವೃಂದ ನಡೆಸಿದವರೆಲ್ಲ ಟ್ಯೂಬಾ ಗುರುಗಳಲ್ಲ. ಶ್ಮಿಟ್ ಕೈಕೆಳಗೆ ನುಡಿಸಿದರು ಅಂತ ಯಾರಾದರೂ ಹೇಳಿದರೆ ಅದಕ್ಕೆ ಬೇರೆ ಗುರುತು ಹಾಕಿ. ತುಟಿ, ಬೆರಳು ಕಲಿಸಿದವರು ಯಾರು ಅನ್ನುವ ಪ್ರಶ್ನೆ ಹಾಗೇ ಉಳಿದಿರುತ್ತದೆ.

ಇನ್ನೊಂದು ಮಾತು. ಡಿಜೆ ಬಂದ ಮೇಲೆ ಎಷ್ಟೋ ಬ್ಯಾಂಡ್‌ಗಳಲ್ಲಿ ದೊಡ್ಡ ವಾದ್ಯವನ್ನೇ ಕೈಬಿಟ್ಟಿದ್ದಾರೆ. ಅದನ್ನು ಊದುತ್ತಿದ್ದವರು ಯುಫೋನಿಯಂಗೋ ಕೀಬೋರ್ಡಿಗೋ ಹೋಗಿರುತ್ತಾರೆ, ಇಲ್ಲವೇ ಬೇರೆ ಕೆಲಸಕ್ಕೆ. ಈಗ ಊದುತ್ತಿರುವವರನ್ನು ಮಾತ್ರ ಕೇಳಿದರೆ ಸಾಲದು. ಬಿಟ್ಟವರನ್ನು ಮೊದಲು ಹುಡುಕಿ.

ಹೆಜ್ಜೆ 8: ಇಸವಿ ತಾಳೆ ನೋಡಿ

ಪಟ್ಟಿ ಬೆಳೆದ ಮೇಲೆ ಒಂದು ದಿನ ಇದಕ್ಕೇ ಇಡಿ. ಪ್ರತಿ ಸಾಲಿನಲ್ಲೂ ಗುರು ಆ ಇಸವಿಯಲ್ಲಿ ಬದುಕಿದ್ದರೇ, ಆ ಊರಿನಲ್ಲಿದ್ದರೇ ನೋಡಿ. 1973ರಲ್ಲಿ ಇಂಡಿಯಾನಾದಲ್ಲಿ ವಿಲಿಯಂ ಬೆಲ್ ಹತ್ತಿರ ಕಲಿತೆ ಅಂತ ಯಾರದೋ ಪರಿಚಯದಲ್ಲಿದ್ದರೆ ಅದು ಆಗದ ಮಾತು, ಬೆಲ್ ತೀರಿಕೊಂಡು ಎರಡು ವರ್ಷ ಆಗಿತ್ತು. ಅದು ಸುಳ್ಳೇ ಆಗಬೇಕಿಲ್ಲ. 'ಬೆಲ್ ಪದ್ಧತಿಯಲ್ಲಿ ಕಲಿತೆ' ಅನ್ನುವುದನ್ನು ಮತ್ಯಾರೋ ಚುಟುಕು ಮಾಡಿರಬಹುದು. ಬಿಲ್ ಬೆಲ್, ವಿಲಿಯಂ ಬೆಲ್ ಒಬ್ಬರೇ ಅನ್ನುವುದನ್ನೂ ಇಲ್ಲೇ ಸರಿಮಾಡಿಕೊಳ್ಳಿ, ಇಲ್ಲದಿದ್ದರೆ ಒಬ್ಬರೇ ಇಬ್ಬರಾಗುತ್ತಾರೆ.

ಊರಿನವರ ವಿಷಯದಲ್ಲಿ ಇಸವಿ ಕೇಳಿದರೆ ಸಿಗುವುದು ಕಷ್ಟ. "ಆವಾಗ ನಿಮ್ಗೆ ಮದ್ವೆ ಆಗಿತ್ತಾ?" "ಎಮರ್ಜೆನ್ಸಿಗೆ ಮುಂಚೇನಾ ಆಮೇಲಾ?" ಅಂತ ಕೇಳಿ. ಎಮರ್ಜೆನ್ಸಿ 1975ರಿಂದ 1977. 1983ರ ಕ್ರಿಕೆಟ್ ವಿಶ್ವಕಪ್ಪು ಒಳ್ಳೆಯ ಗುರುತುಕಲ್ಲು, ಅಣ್ಣಾವ್ರ ಅಪಹರಣ ನಡೆದ 2000ವೂ ಹಾಗೆಯೇ. ಹಿಂದೆ ಮುಂದೆ ಎರಡು ವರ್ಷ ಹೆಚ್ಚುಕಡಿಮೆಯಾದರೆ ಪರವಾಗಿಲ್ಲ, 'ಸುಮಾರು' ಅಂತ ಬರೆಯಿರಿ.

ಹೆಜ್ಜೆ 9: ನಕ್ಷೆ

ವಂಶವೃಕ್ಷದ ಸಾಫ್ಟ್‌ವೇರ್ ಇದಕ್ಕೆ ಆಗಿಬರುವುದಿಲ್ಲ. ಅದು ಒಬ್ಬರಿಗೆ ಒಬ್ಬ ತಂದೆ, ಒಬ್ಬ ತಾಯಿ ಅಂತ ಲೆಕ್ಕ ಹಾಕುತ್ತದೆ. ಪೊಕಾರ್ನಿಯವರ ನಾಲ್ಕು ಗುರುಗಳನ್ನು ಅಲ್ಲಿ ಎಲ್ಲಿ ಕೂರಿಸುವುದು? ಬಲೆಯ ಥರದ ಚಿತ್ರ ಬರೆಯುವ ಸಾಧನ ಬೇಕು. ಗ್ರಾಫ್‌ವಿಜ್, ಗೆಫಿ ಎರಡೂ ಉಚಿತ. ನಿಮ್ಮ ಪಟ್ಟಿಯ ಗುರು, ಶಿಷ್ಯ ಕಾಲಂಗಳನ್ನು ಕೊಟ್ಟರೆ ಗೆರೆ ಅವೇ ಎಳೆಯುತ್ತವೆ. ಕಂಪ್ಯೂಟರ್ ಬೇಡ ಅಂದರೆ ಚಾರ್ಟ್ ಹಾಳೆ, ಪೆನ್ಸಿಲ್ ಸಾಕು. ಎಡಗಡೆ ಇಸವಿಯ ಅಳತೆ ಗೀಚಿಕೊಂಡು ಮೇಲಿನಿಂದ ಕೆಳಕ್ಕೆ ಬರೆಯಿರಿ. ನಲವತ್ತು ಹೆಸರಿನವರೆಗೆ ಕೈಬರಹವೇ ಚೆನ್ನ.

ಹೆಜ್ಜೆ 10: ಒಪ್ಪಿಗೆ ಮತ್ತು ತಿದ್ದುಪಡಿ

ಬದುಕಿರುವ ಸ್ಥಳೀಯ ವಾದಕರ ಹೆಸರನ್ನು ಎಲ್ಲಾದರೂ ಹಾಕುವ ಮುಂಚೆ ಅವರನ್ನು ಕೇಳಿ. ಕೆಲವರು ಬೇಡ ಅನ್ನುತ್ತಾರೆ. ಬ್ಯಾಂಡ್ ಬಿಟ್ಟು ಬೇರೆ ಕಡೆ ನೌಕರಿಯಲ್ಲಿರುವವರು, ಜಗಳವಾಡಿ ಬೇರೆ ಬ್ಯಾಂಡ್ ಕಟ್ಟಿದವರು. ಬೇಡ ಅಂದರೆ ಬೇಡ, 'ಹೆಸರು ತಡೆದಿದೆ' ಅಂತ ಬರೆದು ಗೆರೆ ಮಾತ್ರ ಉಳಿಸಿ.

ಅಣ್ಣ ತಮ್ಮ ಇಬ್ಬರನ್ನು ಬೇರೆ ಬೇರೆ ಕೇಳಿದರೆ ಗುರು ಯಾರು ಅನ್ನುವುದಕ್ಕೆ ಎರಡು ಉತ್ತರ ಬರುವುದುಂಟು. ಯಾವುದು ಸರಿ ಅಂತ ನೀವೇ ತೀರ್ಪು ಕೊಡಲು ಹೋಗಬೇಡಿ. ಎರಡು ಸಾಲು ಬರೆಯಿರಿ, ಯಾರು ಹೇಳಿದ್ದು ಅನ್ನುವ ಕಾಲಂನಲ್ಲಿ ಒಬ್ಬೊಬ್ಬರ ಹೆಸರು ಹಾಕಿ. ಆಮೇಲೆ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ ಅವರ ಬ್ಯಾಂಡ್ ಅಂಗಡಿಯಲ್ಲಿ ಕೊಟ್ಟು ಬನ್ನಿ, ಜೊತೆಗೆ ಒಂದು ಕೆಂಪು ಪೆನ್ನೂ ಕೊಡಿ. ಗೋಡೆಗೆ ಅಂಟಿಸಿದರೆ ಬಂದು ಹೋಗುವವರೆಲ್ಲ ನೋಡುತ್ತಾರೆ, ತಿದ್ದುತ್ತಾರೆ. "ಇವ್ನಿಗೆ ಕಲ್ಸಿದ್ದು ಅವ್ನಲ್ಲ, ಶಿರಾದೋರು" ಅಂತ ಯಾರೋ ಕೆಂಪಲ್ಲಿ ಗೀಚಿರುತ್ತಾರೆ. ಮುಂದಿನ ಆಷಾಢಕ್ಕೆ ಹೋಗಿ ಆ ಹಾಳೆಯ ಫೋಟೋ ತೆಗೆದುಕೊಂಡು ಬನ್ನಿ, ಶಿರಾದವರ ಫೋನ್ ನಂಬರೂ ಅಲ್ಲೇ ಕೇಳಿ.